ಹೆಣ ತೊಳೆಯುವ ಪಾಠ

ಕುರೋಹಾಮದಲ್ಲಿ ಮಿಕಾಮಿ ತೋಕುಜಿಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವನು ಹವಾಲ್ದಾರ. ಪಡೆಯಿಂದ ನಿವೃತ್ತನಾಗಿ ಎಷ್ಟೋ ವರ್ಷ ಕಳೆದು, ತಲೆ ಪೂರ್ತಿ ಬೆಳ್ಳಗಾಗಿ, ಮಂಡಿನೋವಿಗೆ ಊರ ಬಿಸಿನೀರಿನ ಕೊಳದಲ್ಲಿ ಕಾಲು ಇಳಿಬಿಟ್ಟುಕೊಂಡು ಕೂರುವ ವಯಸ್ಸು ಬಂದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಕೆಲವರು ಅದನ್ನು ಗೌರವದಿಂದ ಹೇಳುತ್ತಿದ್ದರು, ಕೆಲವರು ಚುಚ್ಚುವುದಕ್ಕೆ. ಯಾರದು ಯಾವುದೆಂದು ದನಿಯಲ್ಲೇ ತಿಳಿಯುತ್ತಿತ್ತು. ತೋಕುಜಿ ಎರಡಕ್ಕೂ ಒಂದೇ ರೀತಿ ತಲೆಬಾಗಿಸಿ ಮುಂದೆ ಹೋಗುತ್ತಿದ್ದ.

ತ್ಸುಗಾರು ಸೀಮೆಯ ಪಡುವಣ ಕರಾವಳಿಯ ಊರು ಅದು. ಅಲ್ಲಿ ಹಿಮ ಮೇಲಿನಿಂದ ಬೀಳುವುದಿಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಮುಖಕ್ಕೆ ಬಡಿಯುತ್ತದೆ. ತೋಕುಜಿ ಹುಡುಗನಾಗಿದ್ದಾಗ ಸುಗ್ಗಿ ಮುಗಿದ ಕೂಡಲೇ ಗಂಡಸರೆಲ್ಲ ಟೋಕಿಯೋಗೆ ಸುರಂಗ ತೋಡಲು, ಗಾರೆ ಕಲಸಲು ಹೊರಟುಬಿಡುತ್ತಿದ್ದರು. ಊರಿನಲ್ಲಿ ಹೆಂಗಸರು, ಮಕ್ಕಳು, ಮುದುಕರು, ಮತ್ತೆ ತೋಕುಜಿಯ ಅಪ್ಪ. ಅಪ್ಪನಿಗೆ ಒಂದು ಕಾಲು ಇರಲಿಲ್ಲ. ಯುದ್ಧದಲ್ಲಿ ಯಾವುದೋ ದಕ್ಷಿಣದ ಕಾಡಿನಲ್ಲಿ ಬಿಟ್ಟುಬಂದಿದ್ದ. ಎಲ್ಲಿ, ಹೇಗೆ ಎಂದು ಅವನು ಹೇಳಲಿಲ್ಲ, ಮನೆಯವರು ಕೇಳಲಿಲ್ಲ. ಬಾಗಿಲ ಬಳಿ ಕೂತು ಬಲೆ ಹೊಲಿಯುತ್ತಿದ್ದ, ಅಷ್ಟೆ.

ಹದಿನೆಂಟು ತುಂಬಿದ ಚಳಿಗಾಲದಲ್ಲಿ ತೋಕುಜಿಯೂ ಚಿಕ್ಕಪ್ಪನ ಜೊತೆ ಸುರಂಗದ ಕೆಲಸಕ್ಕೆ ಹೊರಟ. ಪೇಟೆಯ ರೈಲು ನಿಲ್ದಾಣದಲ್ಲಿ ಉದ್ದ ಕೋಟಿನ ಒಬ್ಬ ಮನುಷ್ಯ ಬಂದು ಭುಜದ ಮೇಲೆ ಕೈಯಿಟ್ಟ.

"ಒಳ್ಳೇ ಮೈಕಟ್ಟು ಕಣಯ್ಯ ನಿಂದು. ಸುರಂಗದಲ್ಲಿ ಧೂಳು ಕುಡಿಯೋಕೆ ಹೋಗ್ತಿದೀಯಾ? ಲಾರಿ ಓಡಿಸೋದು ಕಲಿಸಿದ್ರೆ ಕಲೀತೀಯಾ?"

ಬಿಸಿಬಿಸಿ ಶಾವಿಗೆಯ ಬಟ್ಟಲು ಕೊಡಿಸಿದ. ಬಟ್ಟಲು ಖಾಲಿಯಾಗುವ ಮೊದಲೇ ತೋಕುಜಿ ಸ್ವರಕ್ಷಣಾ ಪಡೆಗೆ ಸೇರಿಯಾಗಿತ್ತು.

ಅಪ್ಪ ಕೇಳಿದ್ದು ಒಂದೇ ಮಾತು. "ಸೈನ್ಯಕ್ಕಾ?"

"ಸೈನ್ಯ ಅಲ್ಲಪ್ಪ. ನಮ್ಮ ದೇಶದಲ್ಲಿ ಸೈನ್ಯ ಇಲ್ವಲ್ಲ. ಸ್ವರಕ್ಷಣಾ ಪಡೆ."

ಅಪ್ಪ ಮರದ ಕಾಲನ್ನು ನೆಲಕ್ಕೆ ಕುಟ್ಟಿದ. "ಹಾಗಾದ್ರೆ ಇದು ಕಾಲಲ್ಲ. ಇದಕ್ಕೂ ಏನಾದ್ರೂ ಹೆಸರಿಟ್ಟು ಹೋಗು."

ಅಂದಿನಿಂದ ಮಗ ರಜೆಯಲ್ಲಿ ಮನೆಗೆ ಬಂದಾಗಲೆಲ್ಲ ಅಪ್ಪ ತನ್ನ ಊಟದ ಮಣೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಉಣ್ಣುತ್ತಿದ್ದ. ಸಾಯುವವರೆಗೂ ಹಾಗೇ ಉಂಡ.

ಅಪ್ಪನ ಮಾತಿನಲ್ಲಿ ಸುಳ್ಳಿರಲಿಲ್ಲ. ಯುದ್ಧದಲ್ಲಿ ಸೋತ ಮೇಲೆ ದೇಶ ಇನ್ನು ಸೈನ್ಯವನ್ನೇ ಇಟ್ಟುಕೊಳ್ಳುವುದಿಲ್ಲ ಎಂದು ಸಂವಿಧಾನದಲ್ಲಿ ಬರೆದುಕೊಂಡಿತ್ತು. ಆಮೇಲೆ ಇಟ್ಟುಕೊಂಡದ್ದಕ್ಕೆ ಬೇರೆ ಬೇರೆ ಹೆಸರು ಹುಡುಕಬೇಕಾಯಿತು. ಟ್ಯಾಂಕನ್ನು ವಿಶೇಷ ವಾಹನ ಎನ್ನುತ್ತಿದ್ದ ಕಾಲದ ಹಳಬರು ತೋಕುಜಿಗೆ ಕವಾಯತು ಕಲಿಸಿದರು. ಸಮವಸ್ತ್ರದಲ್ಲಿ ಪೇಟೆಗೆ ಹೋದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಒಮ್ಮೆ ಕಾಲೇಜು ಹುಡುಗರ ಗುಂಪೊಂದು ಬೆನ್ನ ಹಿಂದೆ, "ನೋಡ್ರೋ, ನಮ್ಮ ತೆರಿಗೆ ತಿಂದು ಕೊಬ್ಬಿರೋ ಕಳ್ಳ" ಎಂದಿತು. ತೋಕುಜಿ ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡೇ ಶಿಬಿರಕ್ಕೆ ಬಂದ. ಆಮೇಲೆ ಹೊರಗೆ ಹೋಗುವಾಗ ಮಾಮೂಲಿ ಅಂಗಿ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡ.

ಫುಮಿ ಎಂಬ ಹುಡುಗಿಯನ್ನು ಮದುವೆಗೆ ಕೇಳಲು ಹೋದಾಗ ಅವಳ ಅಪ್ಪ ಅವನನ್ನು ಒಳಗೆ ಕರೆಯಲಿಲ್ಲ. ಆ ಮನೆಯಿಂದ ಯುದ್ಧಕ್ಕೆ ಹೋದ ಇಬ್ಬರು ಮರಳಿರಲಿಲ್ಲ. ಹಿಮದಲ್ಲಿ ಅಂಗಳದಲ್ಲೇ ನಿಂತಿದ್ದವನ ಬಳಿಗೆ ಕೊನೆಗೆ ಫುಮಿಯೇ ಕೊಡೆ ಹಿಡಿದು ಬಂದಳು.

"ಅಪ್ಪ ಒಪ್ಪಲ್ವಂತೆ. ನಾನು ಒಪ್ಪಿದೀನಿ. ಸಾಕಾ?"

"ಸಾಕು" ಎಂದ ತೋಕುಜಿ. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ಅವರಿಗೆ ಮಕ್ಕಳಾಗಲಿಲ್ಲ. ತೋಕುಜಿ ಲಾರಿ ಓಡಿಸಿದ. ಪ್ರವಾಹ ಬಂದಲ್ಲಿ ಮರಳಿನ ಚೀಲ ಹೊತ್ತ, ಗುಡ್ಡ ಕುಸಿದಲ್ಲಿ ಮಣ್ಣು ಬಗೆದ, ಮುದುಕಿಯರ ಸೂರಿನ ಮೇಲಿನ ಹಿಮ ಎಳೆದು ಹಾಕಿದ. ವರ್ಷಕ್ಕೆ ಕೆಲವು ಸಲ ರಟ್ಟಿನ ಮನುಷ್ಯನಿಗೆ ಗುಂಡು ಹೊಡೆದ. ರಟ್ಟಿನವನಿಗೆ ಮುಖ ಬರೆದಿರುತ್ತಿರಲಿಲ್ಲ, ಅದೊಂದು ಸಮಾಧಾನ. ಹೀಗೇ ನಿವೃತ್ತಿಯ ವರ್ಷ ಬಂತು. ಬೀಳ್ಕೊಡುಗೆಗೆ ಇನ್ನೇನು ಸ್ವಲ್ಪ ದಿನ ಉಳಿದಿದೆ ಎನ್ನುವಾಗ ಪೂರ್ವ ಕರಾವಳಿಯಲ್ಲಿ ಭೂಮಿ ನಡುಗಿ ಸಮುದ್ರ ಎದ್ದು ಬಂತು.

ಅಲ್ಲಿ ಕಂಡದ್ದನ್ನು ತೋಕುಜಿ ಹೆಂಡತಿಗೆ ಕೂಡ ಪೂರ್ತಿ ಹೇಳಲಿಲ್ಲ. ಊರಿದ್ದ ಜಾಗದಲ್ಲಿ ಊರಿರಲಿಲ್ಲ. ಕೋಲಿನಿಂದ ಕೆಸರು ತಿವಿಯುತ್ತ ಸಾಲಾಗಿ ನಡೆಯುವುದು, ಕೋಲು ಮೆತ್ತಗೆ ತಾಗಿದಲ್ಲಿ ನಿಂತು ಕೈಯಿಂದ ಬಗೆಯುವುದು. ಬದುಕುಳಿದವರಿಗೆ ಬಿಸಿ ಅನ್ನ ಕೊಟ್ಟು, ತಾವು ಲಾರಿಯ ಹಿಂದೆ ಮರೆಯಲ್ಲಿ ಕೂತು ತಣ್ಣಗಿನ ಡಬ್ಬಿಯ ಅನ್ನ ತಿನ್ನುವುದು. ಒಂದು ಶಾಲೆಯ ಆಟದ ಮನೆಯಲ್ಲಿ ಹೆಣಗಳನ್ನು ಮಲಗಿಸಿದ್ದರು. ಅಲ್ಲಿ ಕೈ ಸಾಲದೆ ತೋಕುಜಿಯನ್ನು ಎರವಲು ಕೇಳಿದರು. ನೀರಿರಲಿಲ್ಲ. ಹಿಮ ಕರಗಿಸಿ, ಬೆರಳಿಗೆ ಅರಿವೆ ಸುತ್ತಿ, ಬಾಯಿಯೊಳಗಿನ ಕೆಸರು ತೆಗೆದು, ಮೂಗು ಸ್ವಚ್ಛ ಮಾಡಿ, ಕೂದಲು ಬಿಡಿಸಿ, ಕಣ್ಣು ಮುಚ್ಚಿಸುವ ಕೆಲಸ. ಅಲ್ಲಿದ್ದ ಒಬ್ಬ ಮುದುಕ ಅದನ್ನು ಅವನಿಗೆ ಹೇಳಿಕೊಟ್ಟ. ಎರಡು ದಿನದಲ್ಲಿ ತೋಕುಜಿ ಬೇರೆಯವರಿಗೆ ಹೇಳಿಕೊಡುವಂತಾದ. ತೊಳೆದ ಮುಖ ನೋಡಿ ಮನೆಯವರು ಗುರುತು ಹಿಡಿಯುತ್ತಿದ್ದರು. ಗುರುತು ಹಿಡಿದ ತಾಯಂದಿರು ಮೊದಲು ಅಳುತ್ತಿರಲಿಲ್ಲ, ಮೊದಲು ಅವನಿಗೆ ಬಾಗಿ ವಂದಿಸುತ್ತಿದ್ದರು. ಅದನ್ನು ತಡೆದುಕೊಳ್ಳಲು ಅವನಿಂದ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಅವರ ಲಾರಿಗಳು ಹೊರಟಾಗ ರಸ್ತೆಯ ಎರಡೂ ಕಡೆ ಜನ ನಿಂತಿದ್ದರು. ಕೈ ಮುಗಿಯುವವರು, ಕೈ ಬೀಸುವವರು, ರಟ್ಟಿನ ಮೇಲೆ ಧನ್ಯವಾದ ಬರೆದು ಹಿಡಿದವರು. ಪಕ್ಕದ ಸೀಟಿನಲ್ಲಿದ್ದ ಎಳೆಯ ಸಿಪಾಯಿ ಬಿಕ್ಕುತ್ತಿದ್ದ. ತೋಕುಜಿ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ನೆಟ್ಟಗೆ ಕೂತಿದ್ದ. ಅಪ್ಪ ಇದ್ದಿದ್ದರೆ ಮಣೆ ಈಚೆ ತಿರುಗಿಸುತ್ತಿದ್ದನೋ ಏನೋ ಎನ್ನಿಸಿತು.

ಊರಿಗೆ ಬಂದವನಿಗೆ ಶಾಲೆಯಲ್ಲಿ ಮಾತಾಡಲು ಕರೆ ಬಂತು. ಮಕ್ಕಳಿಗೆ ಹೆಣದ ಮಾತು ಬೇಡವೆಂದು ಮರಳಿನ ಚೀಲ, ನಾಯಿಮರಿ ಸಿಕ್ಕಿದ್ದು ಇಂಥದ್ದನ್ನೇ ಹೇಳಿದ. ಮುಗಿದ ಮೇಲೆ ಚಿನಾತ್ಸು ಎಂಬ ಎತ್ತರದ ಹುಡುಗಿ ಅವನನ್ನು ಗೇಟಿನವರೆಗೂ ಬೆನ್ನಟ್ಟಿ ಬಂದಳು. ಅವಳು ಊರ ಕ್ಷೌರದಂಗಡಿಯ ಹನದಾ ಕಿಯೊಳ ಒಬ್ಬಳೇ ಮಗಳು. ಅವಳ ಅಪ್ಪ ಟೋಕಿಯೋ ಕೆಲಸಕ್ಕೆಂದು ಹೋದವನು ಅಲ್ಲೇ ಕಳೆದುಹೋಗಿದ್ದ. ಸತ್ತನೋ, ಇನ್ನೊಂದು ಮನೆ ಮಾಡಿದನೋ ಯಾರಿಗೂ ತಿಳಿಯದು.

"ತೋಕು ಮಾವ, ನೀನು ಹೆಣ ತೊಳೆದ್ಯಂತೆ ಹೌದಾ?"

"ಯಾರು ಹೇಳಿದ್ದು?"

"ಅಮ್ಮನ ಅಂಗಡೀಲಿ ಎಲ್ಲಾ ಮಾತಾಡ್ತಾರೆ. ಭಯ ಆಗ್ಲಿಲ್ವಾ?"

"ಆಯ್ತು."

"ಮತ್ತೆ ಯಾಕೆ ಮಾಡ್ದೆ?"

ತೋಕುಜಿ ಅವಳ ತಲೆ ಸವರಿ ಕಳಿಸಿದ. ಆದರೆ ಹುಡುಗಿ ಅವನನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಅವನ ಜೊತೆ ಮುದುಕರ ಮನೆಗಳ ಹಿಮ ಎತ್ತಲು ಬರತೊಡಗಿದಳು. ಫುಮಿಯ ಒಲೆಯ ಮುಂದೆ ಕೂತು ಮಿಸೊ ಸಾರು ಕುಡಿದು, ಕೈ ಕೈ ಹಿಡಿದು ಮಣಿಸುವ ಪಂದ್ಯದಲ್ಲಿ ತೋಕುಜಿಯನ್ನು ಸೋಲಿಸಿ ಮನೆಗೆ ಹೋಗುತ್ತಿದ್ದಳು.

ಆ ದಿನಗಳಲ್ಲಿ ತೋಕುಜಿ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದ. ಪಡೆಗೆ ಹುಡುಗರು ಸಿಗುತ್ತಿರಲಿಲ್ಲ. ಊರೂರಲ್ಲಿ ಹಳಬರನ್ನು ಹಿಡಿದು, ನಾಲ್ಕು ಜನಕ್ಕೆ ಬುದ್ಧಿ ಹೇಳಿ ಸೇರಿಸಿ ಎಂದು ಕೇಳುತ್ತಿದ್ದರು. ಕೋಟಿಗೆ ಹಾಕಿಕೊಳ್ಳಲು ಒಂದು ಬಿಲ್ಲೆ ಕೊಟ್ಟಿದ್ದರು. ತೋಕುಜಿ ಮನೆಮನೆಗೆ ಹೋಗಿ ಹೊಸ್ತಿಲಲ್ಲಿ ಕೂತು ಹೇಳುತ್ತಿದ್ದುದು ಯಾವಾಗಲೂ ಒಂದೇ. "ಇದು ಕೊಲ್ಲೋ ಕೆಲಸ ಅಲ್ಲಮ್ಮ. ನನ್ನ ನೋಡಿ. ಇಡೀ ಜೀವಮಾನ ಅಲ್ಲಿದ್ದೆ, ಒಂದು ನರಪಿಳ್ಳೆ ಮೇಲೆ ಗುಂಡು ಹಾರಿಸ್ಲಿಲ್ಲ. ಮಣ್ಣಿಂದ ಎತ್ತೋ ಕೆಲಸ ನಮ್ದು." ಹೇಳುವಾಗ ಅವನ ಎದೆಯುಬ್ಬುತ್ತಿತ್ತು. ಅದು ನಿಜವೂ ಆಗಿತ್ತು.

ಚಿನಾತ್ಸುಗೆ ಹೇಳಬೇಕಾಗಿಯೇ ಬರಲಿಲ್ಲ. ಶಾಲೆ ಮುಗಿಸಿದ ವರ್ಷ ತಾನೇ ಬಂದು, "ನನ್ನ ಸೇರ್ಸು ಮಾವ" ಎಂದಳು. ಆ ವಾರ ತೋಕುಜಿ ಕ್ಷೌರಕ್ಕೆ ಹೋದಾಗ ಕಿಯೊ ಕತ್ತರಿಯನ್ನು ನಡುವೆ ನಿಲ್ಲಿಸಿ ಕನ್ನಡಿಯಲ್ಲಿ ಅವನ ಮುಖ ನೋಡಿದಳು.

"ಎಲ್ಲಿಗೂ ಕಳಿಸಲ್ಲ ತಾನೆ ಇವಳನ್ನ?"

"ಎಲ್ಲಿಗೆ ಕಳಿಸ್ತಾರೆ ಕಿಯೊ. ಪ್ರವಾಹ ಬಂದ ಕಡೆ ಕಳಿಸ್ತಾರೆ."

"ನೀವು ಹೇಳ್ತೀರಿ ಅಂತ ಬಿಡ್ತಾ ಇದೀನಿ. ಬೇರೆ ಯಾರು ಹೇಳಿದ್ರೂ ಬಿಡ್ತಿರ್ಲಿಲ್ಲ."

"ನಾನು ಹೇಳ್ತೀನಿ" ಎಂದ ತೋಕುಜಿ.

ಆಮೇಲೆ ಕಾಲ ಹೇಗೋ ಹೊರಳಿತು. ಒಂದು ಶರತ್ಕಾಲದ ಬೆಳಿಗ್ಗೆ ಊರಿನ ಎಲ್ಲ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು. ಸಮುದ್ರದ ಆಚೆಯ ದೇಶ ಹಾರಿಸಿದ ಕ್ಷಿಪಣಿ ತಲೆಯ ಮೇಲೆ ಹಾದುಹೋಗುತ್ತಿದೆ, ಕೂಡಲೇ ಗಟ್ಟಿ ಕಟ್ಟಡದೊಳಗೆ ಹೋಗಿ ಎಂದು. ಸೇಬಿನ ತೋಟದಲ್ಲಿದ್ದ ಹೆಂಗಸರು ಏಣಿಯ ಮೇಲೆಯೇ ನಿಂತು ಆಕಾಶ ನೋಡಿದರು. ಏನೂ ಕಾಣಲಿಲ್ಲ. ಕ್ಷಿಪಣಿ ದೂರದ ಕಡಲಿಗೆ ಬಿತ್ತಂತೆ. ಅಂದು ಕಿಯೊಳ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

"ಗಟ್ಟಿ ಕಟ್ಟಡಕ್ಕೆ ಹೋಗ್ಬೇಕಂತೆ" ಎಂದ ಗೆಂಪಾಚಿ. ಅವನು ತೋಕುಜಿಯ ಜೊತೆ ಓದಿದ ಮೀನುಗಾರ, ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡು ಒರಗಿದ್ದ. "ನಮ್ಮೂರಲ್ಲಿ ಗಟ್ಟಿಯಾಗಿರೋದು ಅಂದ್ರೆ ಸ್ಮಶಾನದ ಕಲ್ಲೊಂದೇ. ಹೇಗಿದ್ರೂ ಅಲ್ಲಿಗೇ ಹೋಗೋದಲ್ವಾ, ಓಡೋದ್ಯಾಕೆ."

ಎಲ್ಲರೂ ನಕ್ಕರು. ಮುಂದಿನ ಚಳಿಗಾಲದಲ್ಲಿ ಸರ್ಕಾರ ಹೊಸ ನೀತಿ ಹೊರಡಿಸಿತು. ಇನ್ನು ಮೇಲೆ ಬರುವ ಕ್ಷಿಪಣಿ ತಡೆಯುವುದಷ್ಟೇ ಅಲ್ಲ, ಅದು ಹೊರಡುವ ಜಾಗಕ್ಕೇ ಹೋಗಿ ಬಡಿಯುವಂಥ ಕ್ಷಿಪಣಿಗಳನ್ನು ನಾವೂ ಇಟ್ಟುಕೊಳ್ಳುತ್ತೇವೆ, ದಕ್ಷಿಣದ ದ್ವೀಪಗಳಲ್ಲಿ ಹೊಸ ತುಕಡಿಗಳನ್ನು ನಿಲ್ಲಿಸುತ್ತೇವೆ ಎಂದು. ಕಿಯೊಳ ಅಂಗಡಿಯ ಟೀವಿಯಲ್ಲಿ ನಕ್ಷೆ ಹಾಕಿ ಬಾಣದ ಗುರುತು ತೋರಿಸಿದರು.

"ಅಪ್ಪಂದಿರು ಕೇಳಿದ್ರೆ ಸಮಾಧಿಯಿಂದ ಎದ್ದು ಬರ್ತಿದ್ರು" ಎಂದ ತೋಕುಜಿ.

ಗೆಂಪಾಚಿ ಈ ಸಲ ತಮಾಷೆ ಮಾಡಲಿಲ್ಲ. "ಅಪ್ಪಂದಿರ ಕಾಲ ಬೇರೆ ಕಣೋ ಹವಾಲ್ದಾರ. ಆವತ್ತು ನಾವು ಬೇರೆಯವರ ಮನೆಗೆ ನುಗ್ಗಿದ್ವಿ, ತಪ್ಪಾಯ್ತು. ಈಗ ಅವರು ಬಾಗಿಲಿಗೆ ಬಂದು ಕಲ್ಲು ಹೊಡೀತಿದಾರೆ. ಕ್ಷಿಪಣಿ ಬಂದ ಬೆಳಿಗ್ಗೆ ನಾನು ದೋಣಿಯಲ್ಲಿದ್ದೆ. ನೆತ್ತಿ ಮೇಲೆ ಹೋಗಿದ್ದು ಅದು. ಬಗ್ಗಿ ನಮಸ್ಕಾರ ಮಾಡ್ಕೊಂಡು ನಿಂತಿರ್ಬೇಕಾ?"

ಗೆಂಪಾಚಿ ಹೇಳುವುದೂ ಸರಿಯೇನೋ ಎಂದು ತೋಕುಜಿಗೂ ಅನ್ನಿಸುತ್ತಿತ್ತು. ಕಿಯೊ ಗೆಂಪಾಚಿಯ ಗಲ್ಲದ ಮೇಲೆ ಕತ್ತಿ ಎಳೆಯುತ್ತಿದ್ದಳು.

ಇದಾಗಿ ಒಂದೆರಡು ವರ್ಷಕ್ಕೆ, ಸೇಬು ಕೊಯ್ಲು ಮುಗಿಯುತ್ತಿರುವಾಗ, ಉರಾನೊ ಎಂಬ ಕ್ಯಾಪ್ಟನ್ ತೋಕುಜಿಯ ಮನೆಗೆ ಬಂದ. ಮೂವತ್ತರ ಆಸುಪಾಸಿನವನು, ತುಂಬ ವಿನಯದವನು. ಬಾಗಿಲಲ್ಲೇ ಬೂಟು ಬಿಚ್ಚಿ ನೀಟಾಗಿ ತಿರುಗಿಸಿಟ್ಟ. ಫುಮಿ ಟೀ ತಂದಿಟ್ಟಳು.

"ಹವಾಲ್ದಾರ್ರೆ, ನೀವು ಸುನಾಮಿಯಲ್ಲಿ ಮಾಡಿದ ಕೆಲಸದ ಬಗ್ಗೆ ಹಳಬರು ಈಗ್ಲೂ ಹೇಳ್ತಾರೆ. ನಮ್ಮ ಹುಡುಗರಿಗೆ ಒಂದು ದಿನ ಬಂದು ಹೇಳ್ಕೊಡ್ಬೇಕು."

"ಮಣ್ಣು ಬಗೆಯೋದಾ?"

"ಅಲ್ಲ. ಆಟದ ಮನೇಲಿ ಮಾಡಿದ್ರಲ್ಲ, ಅದು."

ತೋಕುಜಿ ಬಟ್ಟಲು ಕೆಳಗಿಟ್ಟ. "ಮತ್ತೆ ಸುನಾಮಿ ಬರುತ್ತೆ ಅಂತ ಏನಾದ್ರೂ ಸೂಚನೆ ಇದ್ಯಾ?"

"ಅದಕ್ಕೂ ಉಪಯೋಗಕ್ಕೆ ಬರುತ್ತೆ."

"ಅದಕ್ಕೂ ಅಂದ್ರೆ?" ಕೇಳಿದ್ದು ಫುಮಿ.

ಕ್ಯಾಪ್ಟನ್ ಸುಳ್ಳು ಹೇಳುವುದು ಬೇಡವೆಂದು ನಿರ್ಧರಿಸಿದವನಂತೆ ತಲೆಯೆತ್ತಿದ. "ಅಮ್ಮ, ಈ ಪಡೆ ಹುಟ್ಟಿದಾಗಿಂದ ನಮ್ಮಲ್ಲಿ ಒಬ್ರೂ ಯುದ್ಧದಲ್ಲಿ ಸತ್ತಿಲ್ಲ. ಅದು ದೊಡ್ಡ ವಿಷಯ. ಆದ್ರೆ ಸತ್ರೆ ಏನು ಮಾಡ್ಬೇಕು ಅಂತ ಯಾರಿಗೂ ಗೊತ್ತಿಲ್ಲ. ಜೊತೆಗಿದ್ದವನು ಸತ್ತು ಬಿದ್ದಾಗ ಮೊದಲ್ನೇ ಸಲ ಹೆಣ ನೋಡಿದ್ರೆ ಕೈಕಾಲು ಆಡಲ್ಲ. ನನಗೂ ಗೊತ್ತಿಲ್ಲ. ನಾನು ನೋಡಿಲ್ಲ."

ಅವನು ಹೋದ ಮೇಲೆ ಫುಮಿ ಬಟ್ಟಲುಗಳನ್ನು ಎತ್ತದೆ ಹಾಗೇ ಕೂತಿದ್ದಳು. "ಹೋಗ್ಬೇಡಿ" ಎಂದಳು.

"ನಾನು ಹೋಗದಿದ್ರೆ ಆ ಮಕ್ಕಳು ಪುಸ್ತಕ ನೋಡ್ಕೊಂಡು ಮಾಡ್ತವೆ" ಎಂದ ತೋಕುಜಿ.

ಜನವರಿಯಲ್ಲಿ ಪಾಠ ನಡೆಯಿತು. ಶಿಬಿರದ ವ್ಯಾಯಾಮದ ಮನೆಯ ನೆಲಕ್ಕೆ ನೀಲಿ ತಾಡಪತ್ರಿ ಹಾಸಿದ್ದರು. ಬಕೆಟ್ಟುಗಳು, ಅರಿವೆ, ಹತ್ತಿ, ಕಂಬಳಿ. ಎದುರಿಗೆ ಸಾಲಾಗಿ ಎಳೆಯ ಮುಖಗಳು. ಎರಡನೆಯ ಸಾಲಿನಲ್ಲಿ, ಎಲ್ಲರಿಗಿಂತ ಅರ್ಧ ತಲೆ ಎತ್ತರವಾಗಿ, ಚಿನಾತ್ಸು ನಿಂತಿದ್ದಳು. ಅವಳು ಬರುತ್ತಾಳೆಂದು ತೋಕುಜಿಗೆ ತಿಳಿದಿರಲಿಲ್ಲ. ಅವಳು ಹುಬ್ಬು ಕುಣಿಸಿ ಸಣ್ಣಗೆ ನಕ್ಕಳು.

ಮೊದಲು ಒಂದು ರಬ್ಬರಿನ ಬೊಂಬೆ ತಂದು ಮಲಗಿಸಿದರು. ತೋಕುಜಿ ಅದರ ಕೈಯೆತ್ತಿ ಬಿಟ್ಟ. ಅದು ತಟ್ಟನೆ ನೆಲಕ್ಕೆ ಬಿದ್ದು ಪುಟಿಯಿತು. ಹುಡುಗರು ಕಿಸಕ್ಕೆಂದರು.

"ಇದ್ರಲ್ಲಿ ಆಗಲ್ಲ" ಎಂದ ತೋಕುಜಿ. "ಮನುಷ್ಯರ ಕೈಗೆ ತೂಕ ಇರುತ್ತೆ. ಯಾರಾದ್ರೂ ಮಲಗ್ಬೇಕು."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾನು ಮಲಗ್ತೀನಿ. ರಾತ್ರಿ ಪಾಳಿ ಮುಗ್ಸಿ ಬಂದಿದೀನಿ, ನಿದ್ದೇನಾದ್ರೂ ಆಗುತ್ತೆ" ಎಂದಳು ಚಿನಾತ್ಸು. ಎಲ್ಲರೂ ನಕ್ಕರು. ಅವಳು ಟೋಪಿ ತೆಗೆದು ತಾಡಪತ್ರಿಯ ಮೇಲೆ ಉದ್ದಕ್ಕೆ ಮಲಗಿದಳು.

ತೋಕುಜಿ ಬಕೆಟ್ಟು ಹತ್ತಿರಕ್ಕೆ ಎಳೆದುಕೊಂಡ. ಮಂಡಿಯೂರಿದ.

"ಮೊದಲು ಹೆಸರು ಹೇಳಿ" ಎಂದ. "ಹೆಸರು ಗೊತ್ತಿಲ್ದಿದ್ರೆ, ತೊಳೀತೀನಿ, ತಪ್ಪು ತಿಳೀಬೇಡಿ ಅಂತಾದ್ರೂ ಹೇಳಿ. ಮಾತಾಡ್ದೆ ಮುಟ್ಬೇಡಿ. ಕೈ ಇವರಿಗಾಗಿ ನಡುಗಲ್ಲ, ನಿಮಗಾಗಿ ನಡುಗುತ್ತೆ. ಮಾತಾಡಿದ್ರೆ ಸ್ವಲ್ಪ ಕಡಿಮೆಯಾಗುತ್ತೆ."

ಅರಿವೆ ಹಿಂಡಿ ಹಣೆಯಿಂದ ಶುರು ಮಾಡಿದ. ಕೆನ್ನೆ, ಮೂಗಿನ ಪಕ್ಕ, ತುಟಿಯ ಮೂಲೆ. ಕುತ್ತಿಗೆಗೆ ಬಂದಾಗ ಚಿನಾತ್ಸುಗೆ ಕಚಗುಳಿಯಾಗಿ ಹೊಟ್ಟೆ ಕುಲುಕಿತು. ಹುಡುಗರೂ ನಕ್ಕರು.

"ಉಸಿರು ಸಣ್ಣಗೆ ಬಿಡು" ಎಂದ ತೋಕುಜಿ, ಅವಳಿಗೆ ಮಾತ್ರ ಕೇಳುವಂತೆ.

ಅವಳು ಉಸಿರು ಹಿಡಿದಳು. ಸ್ವಲ್ಪ ಹೊತ್ತಿನಲ್ಲಿ ನಗು ತಾನಾಗಿಯೇ ನಿಂತಿತು. ಕೈ ಹೇಗೆ ಎತ್ತುವುದು, ಬೆರಳು ಮಡಿಚಿ ಬಿಗಿದಿದ್ದರೆ ಹೇಗೆ ಸಡಿಲಿಸುವುದು, ಕಣ್ಣು ಮುಚ್ಚದಿದ್ದರೆ ಅಂಗೈ ಶಾಖ ಕೊಟ್ಟು ಎಷ್ಟು ಹೊತ್ತು ಕಾಯುವುದು ಎಲ್ಲ ಹೇಳಿದ. ಹಿಂದಿನ ಸಾಲಿನ ಒಬ್ಬ ಹುಡುಗ ಕೈಯೆತ್ತಿದ.

"ಸರ್, ಸುನಾಮಿಯಲ್ಲಿ ಮೈ ಇಡಿಯಾಗಿ ಸಿಕ್ತಿತ್ತಲ್ವಾ. ಶೆಲ್ ಬಿದ್ರೆ ಹಾಗೆ ಸಿಗಲ್ಲ. ಆಗ ಹೇಗೆ?"

ಕ್ಯಾಪ್ಟನ್ ಉರಾನೊ ಕಿಟಕಿಯ ಕಡೆ ನೋಡಿದ. ತೋಕುಜಿ ಅರಿವೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿದ. ಇದಕ್ಕೆ ಉತ್ತರ ಗೊತ್ತಿದ್ದವನು ಕೊನೆಯವರೆಗೂ ಗೋಡೆ ನೋಡಿಕೊಂಡು ಉಂಡು ಸತ್ತುಹೋಗಿದ್ದ.

"ನನಗೆ ಗೊತ್ತಿಲ್ಲಪ್ಪ" ಎಂದ.

ಕೊನೆಗೆ ಮುಖಕ್ಕೆ ಬಿಳಿ ಬಟ್ಟೆ ಹೊದಿಸುವುದು ಉಳಿದಿತ್ತು. ಬಟ್ಟೆ ಬಿಡಿಸಿ ಎರಡೂ ತುದಿ ಹಿಡಿದು ಚಿನಾತ್ಸುವಿನ ಮುಖದ ಮೇಲೆ ತಂದ. ಅವಳ ಕಣ್ಣು ಮುಚ್ಚಿತ್ತು, ರೆಪ್ಪೆಯ ಮೇಲೆ ನೀರಿನ ಹನಿ ನಿಂತಿತ್ತು, ನಿಜಕ್ಕೂ ನಿದ್ದೆ ಹತ್ತಿದವಳಂತೆ ಬಾಯಿ ಒಂದಿಷ್ಟು ತೆರೆದಿತ್ತು. ತೋಕುಜಿಯ ಕೈ ಮುಂದೆ ಹೋಗಲಿಲ್ಲ. ಬಟ್ಟೆಯನ್ನು ಮತ್ತೆ ಮಡಚಿ ಪಕ್ಕದಲ್ಲಿಟ್ಟ.

"ಇಷ್ಟೇ. ಏಳಮ್ಮ" ಎಂದ.

ಆಮೇಲೆ ಅವಳು ಅವನನ್ನು ಬಸ್ಸಿನವರೆಗೆ ಬಿಡಲು ಬಂದಳು. ಕೂದಲು ಇನ್ನೂ ಒದ್ದೆಯಾಗಿತ್ತು.

"ಮಾವ, ವಸಂತದಲ್ಲಿ ನನ್ನನ್ನ ದಕ್ಷಿಣದ ದ್ವೀಪಕ್ಕೆ ಹಾಕಿದಾರೆ. ಹೊಸ ಕ್ಷಿಪಣಿ ತುಕಡಿಗೆ ಸಾಮಾನು ಸಾಗಿಸೋ ಕೆಲಸ. ಅಮ್ಮಂಗೆ ಹೇಳಿಲ್ಲ. ನೀನು ಹೇಳ್ತೀಯಾ?"

"ಬಿಟ್ಟು ಬಾ" ಎಂದ ತೋಕುಜಿ. "ಬಿಡೋದಕ್ಕೆ ಅವಕಾಶ ಇದೆ. ಎಷ್ಟೋ ಜನ ಬಿಡ್ತಾರೆ."

"ನಾನು ಬಿಟ್ರೆ ಇನ್ನೊಬ್ಬಳು ಹೋಗ್ತಾಳೆ. ನನ್ನ ಪಕ್ಕದ ಮಂಚದವಳು. ಅವಳಿಗೆ ಒಂದು ಚೀಲ ಅಕ್ಕಿ ಎತ್ತೋಕೆ ಬರಲ್ಲ." ಅವಳು ಬೂಟಿನಿಂದ ಹಿಮ ಒದೆಯುತ್ತಿದ್ದಳು. "ನೀನು ಹೋಗ್ಲಿಲ್ವಾ ಆವತ್ತು? ಭಯ ಆಯ್ತು ಅಂದಿದ್ದೆ."

"ಅದು ಬೇರೆ."

"ಹೌದು" ಎಂದಳು ಚಿನಾತ್ಸು. "ಅದು ಬೇರೆ ಅಂತ ನನಗೂ ಗೊತ್ತು. ಇವತ್ತು ಮಲಗಿದಾಗ ಗೊತ್ತಾಯ್ತು."

ಬಸ್ಸು ಬಂತು. ಅವಳು ಸೆಲ್ಯೂಟ್ ಹೊಡೆದಳು. ಅವನು ಕೈಯೆತ್ತಲಿಲ್ಲ.

ನೇರವಾಗಿ ಕಿಯೊಳ ಅಂಗಡಿಗೆ ಹೋದ. ಗಿರಾಕಿಗಳಿರಲಿಲ್ಲ. ನಿಂತುಕೊಂಡೇ ದ್ವೀಪದ ವಿಷಯ ಹೇಳಿದ, ಪಾಠದ ವಿಷಯವನ್ನೂ, ಮಲಗಿದ್ದು ಯಾರೆಂಬುದನ್ನೂ ಮುಚ್ಚಿಡದೆ. ಕಿಯೊ ಬಾಚಣಿಗೆಗಳನ್ನು ಔಷಧಿ ನೀರಿನಿಂದ ತೆಗೆದು ಒಂದೊಂದಾಗಿ ಒರೆಸುತ್ತ ಕೇಳಿದಳು.

"ನೀವು ಹೇಳಿದ್ರಿ ಅಂತ ಬಿಟ್ಟೆ" ಎಂದಳು.

"ಹೌದು."

"ಎಲ್ಲಿಗೆ ಕಳಿಸ್ತಾರೆ ಅಂದ್ರಿ."

"ಆವತ್ತು ಅದು ನಿಜ ಆಗಿತ್ತು ಕಿಯೊ."

"ನಿಮ್ಮ ನಿಜ ಇಟ್ಕೊಂಡು ನಾನೇನು ಮಾಡ್ಲಿ? ಹೋಗಿ. ಇನ್ನು ಇಲ್ಲಿಗೆ ತಲೆ ತರಬೇಡಿ."

ತೋಕುಜಿ ಮರುದಿನವೇ ಬಿಲ್ಲೆ ವಾಪಸು ಕೊಟ್ಟ. ಮನೆಯ ಗೋಡೆಗೆ ಅಂಟಿಸಿದ್ದ ಪಡೆಯ ಚಿತ್ರಪಟ ಕಿತ್ತ. ಯಾರ ಹೊಸ್ತಿಲಿಗೂ ಹೋಗಲಿಲ್ಲ. ಆದರೆ ಫೆಬ್ರವರಿಯಲ್ಲಿ ಕ್ಯಾಪ್ಟನ್ ಮತ್ತೆ ಕರೆದಾಗ ಪಾಠಕ್ಕೆ ಹೋದ, ಮಾರ್ಚಿನಲ್ಲೂ ಹೋದ. "ಒಂದು ಬಿಟ್ಟು ಇನ್ನೊಂದು ಯಾಕೆ?" ಎಂದು ಫುಮಿ ಕೇಳಿದಳು. "ಕಳಿಸೋದು ನನ್ನ ಕೈಯಲ್ಲಿಲ್ಲ. ಬಂದವರನ್ನ ಒರಟಾಗಿ ಮುಟ್ಟಬಾರ್ದು, ಅಷ್ಟೆ" ಎಂದ. ಆ ಮಾತು ಅವನಿಗೇ ಸರಿಯೆನಿಸಲಿಲ್ಲ. ಕೂದಲು ಕಿವಿಯ ಮೇಲೆ ಇಳಿಯತೊಡಗಿತು. ಫುಮಿ ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದಳು. ಗೆಂಪಾಚಿ ನೋಡಿ, "ಇಲಿ ತಿಂದಂಗಿದೆಯಲ್ಲೋ" ಎಂದ.

ಏಪ್ರಿಲ್‌ನಲ್ಲಿ ಚಿನಾತ್ಸು ಹೊರಟಳು. ನಿಲ್ದಾಣಕ್ಕೆ ತೋಕುಜಿಯೂ ಫುಮಿಯೂ ಹೋದರು. ಫುಮಿ ಉಪ್ಪಿನಲ್ಲಿ ನೆನೆಸಿದ ಪ್ಲಮ್ ಹಣ್ಣು ಇಟ್ಟ ಅನ್ನದುಂಡೆ ಕಟ್ಟಿಕೊಟ್ಟಳು. ಕಿಯೊ ಮಗಳ ಅಂಗಿಯ ಕಾಲರು ಸರಿಮಾಡುತ್ತ, ಸರಿಯಾದ ಮೇಲೂ ಸರಿಮಾಡುತ್ತ ನಿಂತಿದ್ದಳು. ತೋಕುಜಿಯ ಕಡೆ ತಿರುಗಲಿಲ್ಲ. ಭಾನುವಾರಗಳಲ್ಲಿ ಕಿಯೊಗೆ ಮಗಳ ಫೋನು ಬರುತ್ತಿತ್ತು, ಸಮುದ್ರ ತುಂಬ ನೀಲಿಯಂತೆ, ಹಿಮವೇ ಇಲ್ಲವಂತೆ, ಕಬ್ಬು ಸಿಹಿಯಂತೆ, ಅಲ್ಲಿನ ಒಬ್ಬ ಅಜ್ಜಿ ಪಡೆಯ ಲಾರಿ ನೋಡಿದರೆ ಬಾಗಿಲು ಹಾಕಿಕೊಳ್ಳುತ್ತಾಳಂತೆ. ಇದೆಲ್ಲ ಗೆಂಪಾಚಿಯ ಬಾಯಿಂದ ತೋಕುಜಿಗೆ ತಲುಪುತ್ತಿತ್ತು.

ಜೂನಿನಲ್ಲಿ, ಕಡಲ ಮಂಜು ಊರೊಳಗೆ ಬಂದು ಕೂತ ಒಂದು ಮಧ್ಯಾಹ್ನ, ಕಿಯೊ ಅವನ ಬಾಗಿಲಿಗೆ ಬಂದಳು. ಮೇಲಂಗಿ ಹಾಕಿದ್ದಳು, ಒಳಗೆ ಬರಲಿಲ್ಲ.

"ಅಂಗಡಿಗೆ ಬನ್ನಿ."

"ಕೂದಲಾ?"

"ಅಲ್ಲ."

ಅವನು ಹಿಂದೆ ಹೋದ. ಅಂಗಡಿಗೆ ಬಂದ ಮೇಲೆ ಅವಳು ಪರದೆ ಎಳೆದು, ಬಾಗಿಲಿಗೆ ಮುಚ್ಚಿದೆ ಎಂಬ ಹಲಗೆ ತಿರುಗಿಸಿದಳು.

"ಅವರಿಗೆಲ್ಲ ಕಲಿಸಿದ್ರಲ್ಲ, ನನಗೂ ಕಲಿಸಿ."

ತೋಕುಜಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕುರ್ಚಿಯ ಹಿಡಿಕೆ ಹಿಡಿದುಕೊಂಡ. "ಕಿಯೊ, ಏನೂ ಆಗಿಲ್ಲ. ಏನೂ ಆಗದೇನೇ ಇರ್ಬಹುದು. ಆಗದಿರ್ಲಿ ಅಂತಾನೇ ಇದೆಲ್ಲ ಅಂತ ಟೀವೀಲಿ ಅಂತಾರೆ."

"ಅಂತಾರೆ. ನನಗೆ ಟೀವಿ ಬೇಡ. ಅಂಥದ್ದು ಆದ್ರೆ ಅವರು ತೊಳೆದು ಕಳಿಸ್ತಾರೆ ಅಂತ ನಂಬ್ಕೊಂಡು ಕೂತಿರ್ಲಾ? ಅವಳ ಅಪ್ಪನ ಕೊನೇ ಮುಖಾನೂ ನೋಡ್ಲಿಲ್ಲ ನಾನು. ಎಲ್ಲಿ ಬಿದ್ದನೋ, ಯಾರು ಮುಟ್ಟಿದ್ರೋ."

"ಹಾಗೇನಾದ್ರೂ ಆದ್ರೆ ನಾನೇ ಮಾಡ್ತೀನಿ."

"ಅಷ್ಟೊತ್ತಿಗೆ ನೀವಿರ್ತೀರಾ? ನಿಮ್ಮ ಮಂಡಿ ನೋಡಿ. ಕೂರಿ."

ಅವನು ಕುರ್ಚಿಯಲ್ಲಿ ಕೂತ. ಅವಳು ಸನ್ನೆ ಮೀಟಿ ಅದನ್ನು ಪೂರ್ತಿ ಹಿಂದಕ್ಕೆ ಮಲಗಿಸಿದಳು. ಮಂಜಿನ ಬೆಳಕಿನಲ್ಲಿ ಮೇಲಿನ ಚಾವಣಿ ಬೂದಿಯ ಬಣ್ಣಕ್ಕಿತ್ತು.

"ಮೊದಲು ಹೆಸರು ಹೇಳ್ಬೇಕು" ಎಂದ ತೋಕುಜಿ.

ಕಿಯೊ ಅರಿವೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಆಮೇಲೆ, "ಮಿಕಾಮಿ ತೋಕುಜಿಯವರೆ" ಎಂದಳು. ಎಷ್ಟೋ ವರ್ಷದಿಂದ ಆ ಊರಿನಲ್ಲಿ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ.

ಅವಳ ಕೈಗೆ ಹೆಚ್ಚು ಕಲಿಸಬೇಕಾಗಿರಲಿಲ್ಲ. ಹಣೆ, ಕೆನ್ನೆ, ಗದ್ದ ಎಲ್ಲ ಅದಕ್ಕೆ ಗೊತ್ತಿದ್ದ ದಾರಿಯೇ. ತಣ್ಣಗಿನ ನೀರೇ ಬೇಕು, ಬಿಸಿನೀರು ಕೂಡದು ಎಂದು ಅವನು ಹೇಳಿದ, ಅವಳು ಬಕೆಟ್ಟು ಬದಲಾಯಿಸಿದಳು. ಬಾಯಿ ತೆರೆಯದಿದ್ದರೆ ಒತ್ತಬಾರದು, ದವಡೆಯ ಕೆಳಗೆ ಎರಡು ಬೆರಳಿಟ್ಟು ಕಾಯಬೇಕು ಎಂದ. ಅವಳು ಎರಡು ಬೆರಳಿಟ್ಟು ಕಾದಳು. ಕೈ ಎತ್ತುವಾಗ ಮಣಿಕಟ್ಟು ಹಿಡಿಯಬಾರದು, ಮೊಣಕೈಗೆ ಆಸರೆ ಕೊಡಬೇಕು ಎಂದ. ಅವಳು ಹಾಗೇ ಎತ್ತಿ, ಹಾಗೇ ಇಳಿಸಿದಳು. ಒಂದು ಸಲ ತಪ್ಪಿತು, ಮತ್ತೆ ಮೊದಲಿನಿಂದ ಮಾಡಿದಳು.

"ಕಣ್ಣು?" ಎಂದು ಕೇಳಿದಳು.

"ಅಂಗೈ ಇಡಿ. ಶಾಖ ತಾಗೋವರೆಗೆ."

ಅವಳ ಅಂಗೈ ಅವನ ಕಣ್ಣುಗಳ ಮೇಲೆ ಬಂತು. ಸೋಪಿನ ವಾಸನೆಯಿತ್ತು, ಗಟ್ಟಿಯಾದ ಕೈ. ತುಂಬ ಹೊತ್ತು ಅಲ್ಲೇ ಇತ್ತು. ಆಮೇಲೆ ಅರಿವೆ ಹಿಂಡಿಕೊಂಡು ಬರುತ್ತೇನೆಂದು ಅವಳು ಹಿಂದಿನ ಕೋಣೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ನೀರು ಸುಮ್ಮನೆ ಸುರಿಯುತ್ತಲೇ ಇತ್ತು, ಅದನ್ನು ಯಾರೂ ನಿಲ್ಲಿಸಲಿಲ್ಲ. ತೋಕುಜಿ ಏಳಲಿಲ್ಲ. ಒದ್ದೆ ಮುಖದಲ್ಲಿ, ಕಣ್ಣು ಮುಚ್ಚಿಕೊಂಡು, ಅವಳು ವಾಪಸು ಬರುವವರೆಗೂ ಹಾಗೇ ಮಲಗಿದ್ದ.